ಚಿಲ್ಲರೆ ಬಾಕಿ

ಬೆಳಗಿನ ಆರೂ ಹತ್ತು. ಮಡಿಕೇರಿ ಡಿಪೋ.
ನಿನ್ನೆಯ ಲೆಕ್ಕದಲ್ಲಿ ಮೂವತ್ತೇಳು ರೂಪಾಯಿ ಕಮ್ಮಿ.
ಕೌಂಟರಿನ ಬಿದ್ದಪ್ಪನವರು ಬೈಯಲಿಲ್ಲ, ನಕ್ಕರು,
ಆಚೆ ಬೆಂಚಿಗೂ ಕೇಳುವಷ್ಟು.
"ಲೆಕ್ಕ ಬರೋದಿಲ್ಲವಾ ನಿಮಗೆ?"
ಬೆಂಚಿನ ಇಬ್ಬರು ಚಹಾ ಲೋಟದೊಳಗೇ ನಕ್ಕರು.
ನಾನೂ ನಕ್ಕೆ.
ಖಾಕಿ ಕೋಟಿನ ಕತ್ತಿನ ಗುಂಡಿ ಹಾಕಿಕೊಂಡೆ,
ಚಳಿಗೆ, ಎಂದುಕೊಂಡೆ.

ಮಕ್ಕಂದೂರು ದಾಟುವವರೆಗೂ ಎಲ್ಲ ಸರಿ ಇತ್ತು
ಎಂದೇ ಹೇಳುತ್ತಿದ್ದೆ, ಯಾರಾದರೂ ಕೇಳಿದ್ದರೆ.
ರೈಟ್ ಅಂದಾಗ ದನಿ ಒಂದು ಮೆಟ್ಟಿಲು ಮೇಲಿತ್ತು;
ಡ್ರೈವರ್ ಉಮ್ಮರಬ್ಬ ಕನ್ನಡಿಯಲ್ಲಿ ಒಮ್ಮೆ ನೋಡಿದ.

ಹಟ್ಟಿಹೊಳೆಯಲ್ಲಿ ಹತ್ತಿದ ಮುದುಕ,
ಮಂಡೆಗೆ ಪ್ಲಾಸ್ಟಿಕ್ ಚೀಲ, ಕಂಕುಳಲ್ಲಿ ಕಣಿಲೆಯ ಕಟ್ಟು.
ಮಾದಾಪುರಕ್ಕೊಂದು, ಎಂದು ಚಾಚಿದ್ದು ಐನೂರರ ನೋಟು,
ನಾಲ್ಕಾಗಿ ಮಡಚಿದ್ದು, ಮೈಯ ಬಿಸಿ ಇನ್ನೂ ಆರದ್ದು.

"ಬಸ್ಸೇನು ಬ್ಯಾಂಕಾ? ಬೆಳಿಗ್ಗೆ ಬೆಳಿಗ್ಗೆ ಐನೂರು!
ಲೆಕ್ಕ ಬರೋದಿಲ್ಲವಾ ನಿಮಗೆ?"

ಕಿವಿಗೆ ಬಿದ್ದ ಮೇಲೆ ಗುರುತು ಸಿಕ್ಕಿತು.
ಅದೇ ಮಾತು, ಅದೇ ಎಳೆತ,
ಕೊನೆಗೆ ಅದೇ ಸಣ್ಣ ನಗು ಕೂಡ.

ಮುದುಕ ಏನೂ ಅನ್ನಲಿಲ್ಲ.
ಕಣಿಲೆಯ ಕಟ್ಟನ್ನು ಎದೆಗೆ ಒತ್ತಿಕೊಂಡ,
ಅದನ್ನೂ ಬೈಯುತ್ತಾಳೇನೋ ಎಂಬಂತೆ.

ಟಿಕೆಟಿನ ಬೆನ್ನಿಗೆ ಬರೆದೆ: ಬಾಕಿ ನಾನೂರ ಎಂಬತ್ತೈದು.
ದಿನಕ್ಕೆ ಇಪ್ಪತ್ತು ಸಲ ಬರೆಯುವ ಕೈ
ಇವತ್ತು ನಡುವೆ ತಡೆಯಿತು.

ಆಮೇಲೆ ಆ ತಿರುವು,
ಆ ವರ್ಷದ ಮಳೆಗೆ ಗುಡ್ಡ ಜಾರಿ ರಸ್ತೆಯನ್ನೇ ಹೊತ್ತೊಯ್ದ ಜಾಗ.
ಈಗ ತಡೆಗೋಡೆ ಇದೆ, ಎರಡಾಳು ಎತ್ತರ,
ಮೈತುಂಬ ಸಾಲುಸಾಲು ಪೈಪಿನ ಬಾಯಿ,
ಒಂದೊಂದರಿಂದಲೂ ಸಣ್ಣಗೆ ಕೆಂಪು ನೀರು.
ಕಟ್ಟುವ ಕಾಲಕ್ಕೆ ಬಸ್ಸು ಇಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು;
ಮೇಸ್ತ್ರಿಯನ್ನು ಕೇಳಿದ್ದೆ, ಗೋಡೆ ಕಟ್ಟಿ ತೂತು ಯಾಕೆ ಬಿಡ್ತೀರಿ?
"ಮಣ್ಣಿಗಿಂತ ನೀರಿಗೆ ಹೆದರಬೇಕಮ್ಮ.
ದಾರಿ ಕೊಡದಿದ್ದರೆ ಗೋಡೆ ಮೊದಲು ಹೊಟ್ಟೆ ಬಿಡುತ್ತೆ.
ಆಮೇಲೆ ಒಂದಿನ ಬೀಳುವಾಗ
ಕೆಳಗೆ ಯಾರು ನಿಂತಿದ್ದಾರೆ ಅಂತ ನೋಡೋದಿಲ್ಲ."

ಕೆಳಗೆ ನಿಂತಿದ್ದವರು
ಈಗ ಕಿಟಕಿ ಪಕ್ಕ ಕೂತು, ಮಂಡೆಯ ಪ್ಲಾಸ್ಟಿಕ್ ತೆಗೆದು
ನೀರು ಕೊಡವುತ್ತಿದ್ದರು, ಪಕ್ಕದವರಿಗೆ ಸಿಡಿಯದಂತೆ.

ಹಿಂದಿನ ಸೀಟಿಗೆ ಬಂದು ಚೀಲ ತೆರೆದೆ.
ನಾಣ್ಯ ಎಣಿಸುವಂತೆ ಎಣಿಸಿದೆ ಒಳಗೆ.
ಸಿಟ್ಟು, ಎಂದಿತು ಕೈ. ತೂಕ ಕೂಡಲಿಲ್ಲ.
ಮತ್ತೆ ಎಣಿಸಿದೆ: ಅವಮಾನ.
ಅದರಡಿಗೆ, ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡ
ಇನ್ನೊಂದು ಪುಟ್ಟ ಬಿಲ್ಲೆ, ಹೆದರಿಕೆ:
ಆ ಮೂವತ್ತೇಳು ನಿಜಕ್ಕೂ ನಾನೇ ಕಳೆದೆನೋ ಏನೋ.
ಹೆಸರು ಸಿಕ್ಕಿದ ಮೇಲೆ ಅದು ಅಷ್ಟೇನೂ ಭಾರವಿರಲಿಲ್ಲ.

ಮಾದಾಪುರದಲ್ಲಿ ಇಳಿದು ಓಡಿ
ಹೋಟೆಲಿನ ಆಯಿಷಮ್ಮನ ಬಳಿ ನೋಟು ಮುರಿಸಿದೆ.
ಉಮ್ಮರಬ್ಬ ಹಾರ್ನ್ ಹೊಡೆಯಲಿಲ್ಲ.
ಅಜ್ಜನ ಕೈಗೆ ಎಣಿಸಿಕೊಟ್ಟೆ,
ಆಗ ಆಡಿದ್ದು ನಿಮಗೆ ಸೇರಿದ್ದಲ್ಲ ಅಜ್ಜ, ಬೇರೆಯವರದ್ದು, ಅಂದೆ.
ಅರ್ಥವಾಯಿತೋ ಇಲ್ಲವೋ.
ದುಡ್ಡನ್ನು ಮತ್ತೊಮ್ಮೆ ತಾವೇ ಎಣಿಸಿದರು,
ನೋಟುಗಳನ್ನು ನಾಲ್ಕಾಗಿ ಮಡಚಿದರು,
ನಗಲಿಲ್ಲ. ಮಳೆಯೊಳಗೆ ನಡೆದರು.
ಬೈಗುಳವನ್ನು ಹಾಗೆ ಮುರಿಸಿ ಹಿಂದೆ ಕೊಡಲಾಗುವುದಿಲ್ಲ.

ಸಂಜೆ ಕೌಂಟರಿನಲ್ಲಿ ಚೀಲ ಇಟ್ಟು ನಿಂತೆ.
"ಕಮ್ಮಿ ಬಿದ್ದರೆ ಕಮ್ಮಿ ಅನ್ನಿ ಸಾರ್, ಕಟ್ಟುತ್ತೇನೆ.
ನಾಲ್ಕು ಜನರೆದುರು ನಗಬೇಡಿ."
ದನಿ ನಡುಗಿತು. ನಡುಗಲಿ ಎಂದು ಬಿಟ್ಟೆ.
ಪೈಪಿನ ನೀರೂ ನೆಟ್ಟಗೆ ಬೀಳುವುದಿಲ್ಲವಲ್ಲ.

ಬಿದ್ದಪ್ಪನವರು ತಲೆಯೆತ್ತದೆ ನಾಣ್ಯ ಜೋಡಿಸುತ್ತಿದ್ದರು,
ಹತ್ತರದ್ದು ಹತ್ತು, ಐದರದ್ದು ಇಪ್ಪತ್ತು.
ಲೆಕ್ಕ ಸರಿ ಇತ್ತು,
ಒಂದು ರೂಪಾಯಿ ಹೆಚ್ಚೇ.
ಯಾರಿಗೆ ಕೊಡಬೇಕಿತ್ತೋ,
ಕತ್ತಿನ ಗುಂಡಿ ಬಿಚ್ಚಿಕೊಳ್ಳುತ್ತ
ಮನೆಯವರೆಗೂ ಯೋಚಿಸಿದೆ.